ಮಂಗಳೂರು–ಉಡುಪಿಗೆ ನಮ್ಮದೇ ಒಂದು ಸಿಂಫನಿ ವಾದ್ಯವೃಂದ: ಬೇಕೇ, ಆದೀತೇ?

ಕದ್ರಿಯ ಕೇಳುಗ (ಚರ್ಚೆ ಆರಂಭಿಸಿದವರು)

ಕಳೆದ ಫೆಬ್ರವರಿಯಲ್ಲಿ ಮಗಳ ಮನೆಗೆಂದು ಮುಂಬೈಗೆ ಹೋಗಿದ್ದಾಗ ನರಿಮನ್ ಪಾಯಿಂಟ್‌ನ ಎನ್‌ಸಿಪಿಎ ಎಂಬ ಪ್ರದರ್ಶನ ಕಲೆಗಳ ರಾಷ್ಟ್ರೀಯ ಕೇಂದ್ರದಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಕಛೇರಿಯನ್ನು ಮೊದಲ ಬಾರಿಗೆ ಎದುರಿಗೆ ಕುಳಿತು ಕೇಳಿದೆ. ಕಛೇರಿಗೂ ಮೊದಲಿನ ಒಂದು ನಿಮಿಷದ ಬಗ್ಗೆ ಹೇಳಬೇಕು. ಓಬೋ ಎಂಬ ಸಣ್ಣ ಊದುವ ವಾದ್ಯದವರು ಒಂದೇ ಸ್ವರವನ್ನು ಎಳೆದು ಹಿಡಿದರು. ಮೊದಲು ಊದುವ ವಾದ್ಯಗಳವರು, ಆಮೇಲೆ ತಂತಿವಾದ್ಯದವರು ಅದಕ್ಕೆ ತಮ್ಮ ಶ್ರುತಿಯನ್ನು ಕೂಡಿಸಿಕೊಂಡರು. ಮರುಕ್ಷಣ ಎಲ್ಲವೂ ನಿಂತು ಸಭೆ ನಿಶ್ಶಬ್ದವಾಯಿತು. ನಮ್ಮ ಕಛೇರಿಗಳಲ್ಲಿ ತಂಬೂರಿ ಮಂಗಳದವರೆಗೂ ಮಿಡಿಯುತ್ತಲೇ ಇರುತ್ತದೆ. ಅಲ್ಲಿ ಆ ಒಂದು ಸ್ವರ ನಿಂತ ಮೇಲೆ ಶ್ರುತಿಯನ್ನು ಪ್ರತಿಯೊಬ್ಬರೂ ತಮ್ಮ ಕಿವಿಯಲ್ಲೇ ಹೊತ್ತುಕೊಂಡು, ಪಕ್ಕದವರನ್ನು ಕೇಳುತ್ತಾ ಕೊನೆ ಮುಟ್ಟಿಸಬೇಕು.

ನಮ್ಮ ಊರಿನಲ್ಲಿ ಆರ್ಕೆಸ್ಟ್ರಾ ಎಂದರೆ ಗಣೇಶೋತ್ಸವದ ವೇದಿಕೆಯಲ್ಲಿ ಕೀಬೋರ್ಡ್, ರಿದಂ ಪ್ಯಾಡ್ ಇಟ್ಟುಕೊಂಡು ಚಿತ್ರಗೀತೆ ಹಾಡುವ ರಸಮಂಜರಿ ಎಂದೇ ಅರ್ಥ. ಅದಕ್ಕೂ ಅದರದೇ ಕೇಳುಗರಿದ್ದಾರೆ, ಅದನ್ನು ಕೀಳುಗಳೆಯುವ ಉದ್ದೇಶ ನನಗಿಲ್ಲ. ನಾನು ಕೇಳುತ್ತಿರುವುದು ಎಂಬತ್ತು ತೊಂಬತ್ತು ಮಂದಿ ಒಟ್ಟಿಗೆ ಕುಳಿತು ಮೈಕಿನ ನೆರವಿಲ್ಲದೆ ನುಡಿಸುವ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಿಟೀಲು, ವಯೋಲಾ, ಚೆಲ್ಲೋ, ಡಬಲ್ ಬಾಸ್‌ನವರೇ ಆಗಿರುವ ವಾದ್ಯವೃಂದದ ಬಗ್ಗೆ. ಮುಂಬೈಯಲ್ಲಿ ಅದನ್ನು ಖುಸ್ರೂ ಸನ್‌ಟೂಕ್ ಅವರೂ ಕಜಾಕ್ ಪಿಟೀಲುವಾದಕ ಮರಾತ್ ಬಿಸೆಂಗಲಿಯೇವ್ ಅವರೂ 2006ರಲ್ಲಿ ಕಟ್ಟಿದರು. ಅಂಥ ಮಹಾನಗರದಲ್ಲಿಯೂ ದೊಡ್ಡ ಕಛೇರಿಗಳಿಗೆ ಅನೇಕ ವಾದಕರು ಹೊರದೇಶದಿಂದಲೇ ಬರಬೇಕಾಗಿದೆ ಎಂಬುದು ನಮಗೆ ಎಚ್ಚರಿಕೆಯ ಮಾತು.

ಆದರೂ ಕೇಳುತ್ತೇನೆ, ಏಕೆಂದರೆ ಇಂಥ ವೃಂದಗಳನ್ನು ರಾಜಮಹಾರಾಜರೇ ಸಾಕಬೇಕೆಂದಿಲ್ಲ. ಜರ್ಮನಿಯ ಲೈಪ್‌ಜಿಗ್‌ನಲ್ಲಿ 1743ರಲ್ಲಿ ಊರಿನ ವರ್ತಕರೂ ಗಣ್ಯರೂ ಸೇರಿ ಕೈಯಿಂದ ಹಣ ಹಾಕಿ 16 ವಾದಕರ ತಂಡವನ್ನು ನಿಲ್ಲಿಸಿದರು. 1781ರಲ್ಲಿ ಅದು ಬಟ್ಟೆ ವ್ಯಾಪಾರಿಗಳ ಕಟ್ಟಡಕ್ಕೆ ನೆಲೆ ಬದಲಿಸಿತು. ಆ ಮಳಿಗೆಯ ಹೆಸರಾದ ಗೆವಾಂಡ್‌ಹೌಸ್ ಎಂಬುದೇ ಇಂದಿಗೂ ಆ ವೃಂದದ ಹೆಸರು. ವ್ಯಾಪಾರದಿಂದ ಬೆಳೆದು, ಬ್ಯಾಂಕುಗಳನ್ನೂ ಕಾಲೇಜುಗಳನ್ನೂ ತಾನೇ ಕಟ್ಟಿಕೊಂಡ ನಮ್ಮ ಕರಾವಳಿಗೆ ಇದು ತೀರ ಅಪರಿಚಿತವಾದ ಕಥೆಯಲ್ಲ. ವಾದಕರು, ಶಿಕ್ಷಕರು, ಕೇಳುಗರು ಬರೆಯಬೇಕೆಂದು ವಿನಂತಿ.

ಕುಲಶೇಖರದ ಕ್ಲಾರಿನೆಟ್

ಕದ್ರಿಯವರೇ, ನಮಸ್ಕಾರ. ಬ್ರಾಸ್ ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ನುಡಿಸಲು ತೊಡಗಿ ನನಗೆ ಇಪ್ಪತ್ತೆರಡು ವರ್ಷವಾಯಿತು. ನಿಮ್ಮ ಬರಹ ಓದಿದಾಗ ಮೊದಲು ಅನ್ನಿಸಿದ್ದು, ನಾವು ಇಲ್ಲೇ ಇದ್ದೇವಲ್ಲ ಎಂದು. ಇಗರ್ಜಿಯ ಹಬ್ಬದ ಮೆರವಣಿಗೆಗೆ, ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ, ಮದುವೆಯ ದಿಬ್ಬಣಕ್ಕೆ, ಯಾವುದೋ ಸಮಾವೇಶದ ಸ್ವಾಗತಕ್ಕೆ ನೀವು ರಸ್ತೆ ಬದಿಯಲ್ಲಿ ನಿಂತು ಕೇಳುವ ಟ್ರಂಪೆಟ್, ಟ್ರೊಂಬೋನ್, ಯುಫೋನಿಯಂ, ಸ್ಯಾಕ್ಸೋಫೋನ್‌ಗಳೆಲ್ಲ ಈ ಊರಿನ ಮನೆಗಳಲ್ಲಿ ಮಂಚದಡಿಯ ಪೆಟ್ಟಿಗೆಗಳಲ್ಲಿವೆ. ನನ್ನ ಅಜ್ಜ ಗೋವಾದ ಒಬ್ಬ ಮಾಸ್ತರರಿಂದ ನೊಟೇಶನ್ ಓದಲು ಕಲಿತರು, ಅವರಿಂದ ಅಪ್ಪ, ಅಪ್ಪನಿಂದ ನಾನು. ಗೋವಾದ ಪ್ಯಾರಿಷ್ ಶಾಲೆಗಳಲ್ಲಿ ಹೀಗೆ ಕಲಿತವರೇ ಮುಂಬೈಯ ಸಿನಿಮಾ ಸಂಗೀತದ ವೃಂದಗಳನ್ನು ದಶಕಗಳ ಕಾಲ ನಡೆಸಿದರು. ಅವರಲ್ಲೊಬ್ಬರಾದ ಆಂಥನಿ ಗೊನ್ಸಾಲ್ವಿಸ್ 1958ರಲ್ಲಿ ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ ಎಂಬ ತಂಡವನ್ನೇ ಕಟ್ಟಿ, ನಮ್ಮ ರಾಗಗಳನ್ನು ಅದಕ್ಕಾಗಿ ಬರೆದರು.

ನಮಗೆ ಇಲ್ಲದಿರುವುದು ಕುರ್ಚಿ. ಇದನ್ನು ಅಕ್ಷರಶಃ ಹೇಳುತ್ತಿದ್ದೇನೆ. ಒಮ್ಮೆ ದೊಡ್ಡದೊಂದು ಸಭೆಗೆ ನಮ್ಮನ್ನು ಕರೆಸಿದವರು ಅತಿಥಿಗಳು ಬರುವ ತನಕ ಎರಡು ಗಂಟೆ ಗೇಟಿನ ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿದರು. ಹಿತ್ತಾಳೆಯ ವಾದ್ಯಗಳು ಕಾದು ಶ್ರುತಿ ಏರಿಹೋಗಿತ್ತು, ನನ್ನ ಕ್ಲಾರಿನೆಟ್‌ನೊಂದಿಗೆ ಟ್ರಂಪೆಟ್ ಕೂಡಲೇ ಇಲ್ಲ, ಆದರೂ ಊದಿದೆವು. ಯಾರಿಗೂ ಅದು ಗೊತ್ತಾಗಲಿಲ್ಲ ಎಂಬುದೇ ನನಗೆ ಹೆಚ್ಚು ನೋವಾದ ಸಂಗತಿ. ಕುಳಿತು, ಎದುರಿಗೆ ಸ್ಟ್ಯಾಂಡಿನ ಮೇಲೆ ನೊಟೇಶನ್ ಇಟ್ಟುಕೊಂಡು, ಕೇಳಲೆಂದೇ ಬಂದವರ ಮುಂದೆ ನುಡಿಸಿದ್ದು ಈ ಇಪ್ಪತ್ತೆರಡು ವರ್ಷಗಳಲ್ಲಿ ಮೂರೇ ಸಲ. ಬಯಲಿನಲ್ಲಿ ನುಡಿಸಿ ಅಭ್ಯಾಸವಾದವರಿಗೆ ಮೆಲ್ಲಗೆ ನುಡಿಸುವುದೇ ಕಷ್ಟ. ವೃಂದವೊಂದು ನಮಗೆ ಮೊದಲು ಕಲಿಸಬೇಕಾದದ್ದು ಅದನ್ನೇ.

ಉಡುಪಿಯ ಪಿಟೀಲು ಶಿಕ್ಷಕಿ

ಇಬ್ಬರ ಬರಹವನ್ನೂ ಆಸ್ಥೆಯಿಂದ ಓದಿದೆ. ನನ್ನದೊಂದು ಆಕ್ಷೇಪವಿದೆ, ಅದನ್ನು ಬಿಡಿಸಿ ಹೇಳುತ್ತೇನೆ.

ವೃಂದದ ಅರ್ಧಕ್ಕಿಂತ ಹೆಚ್ಚು ಮಂದಿ ತಂತಿವಾದ್ಯದವರು ಎಂದ ಕೂಡಲೇ ಎಲ್ಲರ ಕಣ್ಣು ನಮ್ಮಂಥವರ ತರಗತಿಗಳ ಮೇಲೆ ಬೀಳುತ್ತದೆ. ಪಿಟೀಲು ಒಂದೇ, ಆದರೆ ವಿದ್ಯೆ ಬೇರೆ. ನನ್ನ ಮಕ್ಕಳು ಚಕ್ಕಳಮಕ್ಕಳ ಹಾಕಿ ಕುಳಿತು, ಪಿಟೀಲಿನ ತಲೆಯನ್ನು ಬಲಗಾಲಿನ ಪಾದದ ಮೇಲಿಟ್ಟು ನುಡಿಸುತ್ತಾರೆ; ಹಾಗೆ ಆಧಾರವಿರುವುದರಿಂದಲೇ ಎಡಗೈ ತಂತಿಯ ಮೇಲೆ ಜಾರಿ, ಸ್ವರವನ್ನು ತೂಗಿ ಆಡಿಸುವ ಗಮಕ ಹುಟ್ಟುತ್ತದೆ. ಪಾಶ್ಚಾತ್ಯ ಪದ್ಧತಿಯವರು ಅದನ್ನು ಗದ್ದದ ಕೆಳಗೆ ಹಿಡಿಯುತ್ತಾರೆ. ಅವರ ನಾಲ್ಕು ತಂತಿಗಳು ಜಿ, ಡಿ, ಎ, ಇ ಎಂಬ ಸ್ಥಿರ ಸ್ವರಗಳಿಗೆ; ನಮ್ಮವು ಷಡ್ಜ, ಪಂಚಮ, ಮತ್ತೆ ಷಡ್ಜ, ಪಂಚಮ, ಅದೂ ಹಾಡುವವರ ಶ್ರುತಿಗೆ ತಕ್ಕಂತೆ. ತೋಡಿ ರಾಗದ ಗಾಂಧಾರ ಸ್ವರವನ್ನು ನಾನು ನುಡಿಸುವಂತೆಯೇ ಇನ್ನೂ ಇಪ್ಪತ್ತು ಮಂದಿ ಅದೇ ಕ್ಷಣದಲ್ಲಿ ನುಡಿಸುವುದು ಆಗದ ಮಾತು, ನುಡಿಸಿದರೂ ಅದು ತೋಡಿಯಾಗಿ ಉಳಿಯುವುದಿಲ್ಲ. ಆಕಾಶವಾಣಿಯವರು 1952ರಲ್ಲಿ ವಾದ್ಯವೃಂದವನ್ನು ಆರಂಭಿಸಿದಾಗ ಪಂಡಿತ್ ರವಿಶಂಕರ್ ಅವರಂಥವರೇ ಈ ಪ್ರಶ್ನೆಯೊಂದಿಗೆ ವರ್ಷಗಟ್ಟಲೆ ಸೆಣಸಿದರು. ಆದ್ದರಿಂದ ನಮ್ಮ ಮಕ್ಕಳನ್ನು ಸಾಲಾಗಿ ಕೂರಿಸಿದರೆ ವೃಂದವಾಗುತ್ತದೆ ಎಂದು ದಯವಿಟ್ಟು ಭಾವಿಸಬೇಡಿ. ಅರೆಬರೆ ಕಲಿಕೆಯಲ್ಲಿ ಎರಡೂ ಕೈ ತಪ್ಪಿಹೋದ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ.

ಕದ್ರಿಯ ಕೇಳುಗ

ಅಮ್ಮ, ತಾವು ಹೇಳಿದ್ದು ಸರಿ. ಪಿಟೀಲು ಎಂದಾಕ್ಷಣ ಸಿದ್ಧ ಸರಕು ಎಂದುಕೊಂಡದ್ದು ನನ್ನ ತಿಳಿವಳಿಕೆಯ ಕೊರತೆ.

ಒಂದು ಮಾತು ಮಾತ್ರ ಸೇರಿಸುತ್ತೇನೆ. ಸಂಗೀತ ಸಂಸ್ಥೆಯೊಂದರ ಫಲ ಎಲ್ಲಿ ಬಿಡುತ್ತದೆಂದು ಅದನ್ನು ನೆಟ್ಟವರಿಗೆ ತಿಳಿದಿರುವುದಿಲ್ಲ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ನಾಗಸ್ವರ ವಿದ್ವಾಂಸರ ಮಗನೊಬ್ಬ ಮೈಸೂರಿನ ಅರಮನೆಯ ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು, ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರ ಬಳಿ ಕಲಿತು, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ಉತ್ಸವದಲ್ಲಿ ಕರ್ನಾಟಕ ಸಂಗೀತ ನುಡಿಸಿದರು. ಕದ್ರಿ ಗೋಪಾಲನಾಥರ ಹೆಸರನ್ನು ಬೇರೆ ಹೇಳಬೇಕಾಗಿಲ್ಲ. ಅರಮನೆಯವರು ಆ ಬ್ಯಾಂಡ್ ಸಾಕಿದ್ದು ದರ್ಬಾರಿನ ಗತ್ತಿಗೆ. ಕರಾವಳಿಯ ದೇವಸ್ಥಾನಗಳ ಉತ್ಸವಗಳಲ್ಲಿ, ನೇಮ ಕೋಲಗಳಲ್ಲಿ ಸ್ಯಾಕ್ಸೋಫೋನ್ ಮೊಳಗಲಿ ಎಂದು ಅಲ್ಲಿ ಯಾರೂ ಯೋಚಿಸಿರಲಾರರು. ಅದೇ ಅರಮನೆಯ ಜಯಚಾಮರಾಜ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿ ದೂರದ ಒಂದು ವೃಂದದ ಬೆನ್ನಿಗೂ ನಿಂತಿದ್ದರು. ಹಾಗೆ ನಿಂತವರು ನಮ್ಮ ನಾಡಿನಲ್ಲೇ ಇದ್ದರು ಎಂಬುದು ನನಗೆ ಧೈರ್ಯ ಕೊಡುತ್ತದೆ.

ಬ್ರಹ್ಮಾವರದ ಹಿಮ್ಮೇಳದವನು

ನಾನು ಮದ್ದಳೆಯವನು. ಯಕ್ಷಗಾನದ ಭಾಗವತರನ್ನು ನಾವು ಮೊದಲನೆಯ ವೇಷ ಎನ್ನುತ್ತೇವೆ. ಕೈಯಲ್ಲಿ ತಾಳವಿರುತ್ತದೆ, ಕಣ್ಣು ವೇಷದ ಮೇಲಿರುತ್ತದೆ, ಯಾವ ಪದ್ಯವನ್ನು ಎಷ್ಟು ಎಳೆಯಬೇಕು, ಎಲ್ಲಿ ಮುಕ್ತಾಯ ಕೊಡಬೇಕು ಎಂಬುದು ಅವರ ತಲೆಯ ಒಂದು ಸಣ್ಣ ಅಲುಗಾಟದಿಂದ ಚೆಂಡೆಗೂ ಮದ್ದಳೆಗೂ ತಿಳಿಯುತ್ತದೆ. ಬರೆದ ಕಾಗದವಿಲ್ಲ. ಹಾಗಾಗಿ ಎಂಬತ್ತು ಮಂದಿಯ ಮುಂದೆ ನಿಂತು ಕೋಲು ಆಡಿಸುವುದು ನಮಗೆ ಹೊಸ ವಿಚಾರವೇನಲ್ಲ.

ಹೊರಗಿನ ವಾದ್ಯಗಳ ಬಗ್ಗೆ ಮಡಿವಂತಿಕೆಯೂ ನನಗಿಲ್ಲ. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಗೆ ಪಿಟೀಲನ್ನೂ ಸ್ಯಾಕ್ಸೋಫೋನನ್ನೂ ತಂದಾಗ ಎಷ್ಟೋ ಮಂದಿ ಒಪ್ಪಲಿಲ್ಲ. ಅದು ಎಲ್ಲ ಮೇಳಗಳಿಗೂ ಹೊಂದುವ ದಾರಿಯಾಗಿರಲಿಲ್ಲ ಎಂದು ನಾನೂ ಭಾವಿಸುತ್ತೇನೆ, ಆದರೆ ಅವರು ಕಿವಿಗೊಟ್ಟು ಮಾಡಿದ ಪ್ರಯೋಗವದು. ನನ್ನ ಚಿಂತೆ ಬೇರೆ. ಊರಿನ ದಾನಿಗಳ ಕೈ ಎಷ್ಟೆಂದು ಎಲ್ಲರಿಗೂ ಗೊತ್ತು. ಭಕ್ತರು ಹರಕೆಯಾಗಿ ಆಡಿಸುವ ಆಟಗಳ ಬಲವಿಲ್ಲದ ಮೇಳಗಳೂ ಹವ್ಯಾಸಿ ಸಂಘಗಳೂ ಅವರ ಮನೆಬಾಗಿಲಿಗೇ ಹೋಗಬೇಕು. ಹೊಸ ವೃಂದಕ್ಕೆ ಹಣ ಬರುವುದಾದರೆ ಅದು ಯಾರ ಪಾಲಿನದು ಎಂದು ಮೊದಲೇ ಕೇಳಬೇಕು. ನಾನು ಚಂದಾ ಕೊಡಲಾರೆ. ಕೇಳಲು ಮಾತ್ರ ಖಂಡಿತ ಬರುತ್ತೇನೆ.

ಬಲ್ಮಠದ ಗಾಯನ ಮಂಡಳಿಯಿಂದ

ವಾದ್ಯಗಳ ಮಾತಿನ ನಡುವೆ ಕಂಠಗಳನ್ನು ಮರೆಯಬಾರದೆಂದು ಬರೆಯುತ್ತಿದ್ದೇನೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಜರ್ಮನ್ ಕೀರ್ತನೆಗಳ ರಾಗಗಳಿಗೆ ಕನ್ನಡ, ತುಳು ಸಾಹಿತ್ಯ ಕೂಡಿತು, ಆ ಹಾಡುಗಳನ್ನು ನಾಲ್ಕು ಧ್ವನಿಗಳಲ್ಲಿ ಹಾಡುವ ರೂಢಿ ನಮ್ಮ ಸಭೆಗಳಲ್ಲಿ ಇಂದಿಗೂ ಇದೆ. ನಾಲ್ಕು ಧ್ವನಿ ಎಂದರೆ ಸೊಪ್ರಾನೋ, ಆಲ್ಟೊ, ಟೆನರ್, ಬಾಸ್: ಒಂದೇ ಹಾಡನ್ನು ನಾಲ್ಕು ಗುಂಪುಗಳು ನಾಲ್ಕು ಬೇರೆ ಸ್ವರಸಾಲುಗಳಲ್ಲಿ ಒಟ್ಟಿಗೆ ಹಾಡುವುದು. ಸಿಂಫನಿಯ ತಿರುಳೂ ಇದೇ.

ನಮ್ಮ ಮನೆಯಲ್ಲಿ ಅಮ್ಮನ ಒಂದು ಪುಸ್ತಕವಿದೆ. ಸಾಲುಗೀಟಿನ ನೊಟೇಶನ್ ಬಾರದವರಿಗಾಗಿ ಡೋ, ರೇ, ಮೀ ಅಕ್ಷರಗಳನ್ನೇ ಸಾಲಾಗಿ ಬರೆಯುವ ಸೋಲ್ಫಾ ಪದ್ಧತಿಯಲ್ಲಿ, ಕೆಳಗೆ ಕನ್ನಡ ಪದಗಳನ್ನು ಹೊಂದಿಸಿ, ಆಕೆ ಕೈಯಾರೆ ಬರೆದುಕೊಂಡ ಆಲ್ಟೊ ಭಾಗಗಳು. ಉಸಿರು ತೆಗೆದುಕೊಳ್ಳಬೇಕಾದ ಜಾಗಗಳಲ್ಲಿ ನೀಲಿ ಪೆನ್ಸಿಲಿನ ಸಣ್ಣ ಅಲ್ಪವಿರಾಮಗಳಿವೆ. ಮುಖ್ಯ ರಾಗ ಆಕೆಯ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಅದನ್ನು ಹಾಡುವವರು ಪಕ್ಕದಲ್ಲಿ ನಿಂತಿರುತ್ತಾರೆಂಬ ಭರವಸೆಯ ಮೇಲೆ ಬರೆದ ಪುಸ್ತಕವದು. ಬೀಥೋವನ್ ತನ್ನ ಒಂಬತ್ತನೆಯ ಸಿಂಫನಿಯ ಕೊನೆಯ ಭಾಗದಲ್ಲಿ ಗಾಯನವೃಂದವನ್ನು ತಂದದ್ದು 1824ರಲ್ಲಿ. ಅದನ್ನು ಮಂಗಳೂರಿನಲ್ಲಿ ಹಾಡಬೇಕೆಂಬುದು ನಮ್ಮ ಮಂಡಳಿಯ ಹಳೆಯ ಆಸೆ, ವೃಂದವಿಲ್ಲದೆ ಅದು ಹಾಗೆಯೇ ಉಳಿದಿದೆ.

ಉಡುಪಿಯ ನಿವೃತ್ತ ಬ್ಯಾಂಕ್ ನೌಕರ

ಹಣದ ಮಾತನ್ನು ಬ್ರಹ್ಮಾವರದವರು ಎತ್ತಿದ್ದು ಒಳ್ಳೆಯದಾಯಿತು, ಅದನ್ನು ಮುಚ್ಚಿಟ್ಟು ಚರ್ಚಿಸುವುದರಲ್ಲಿ ಅರ್ಥವಿಲ್ಲ. ಸಭಾಂಗಣದ ಬಾಡಿಗೆ ಒಂದು ದಿನದ ಖರ್ಚು. ವೃಂದಕ್ಕೆ ನಿಜವಾಗಿ ಖರ್ಚಾಗುವುದು ವರ್ಷವಿಡೀ ನಡೆಯಬೇಕಾದ ತಾಲೀಮಿಗೆ, ಶಿಕ್ಷಕರ ಸಂಬಳಕ್ಕೆ, ಯಾರೂ ಸ್ವಂತಕ್ಕೆ ಕೊಳ್ಳಲಾಗದ ಬಸೂನ್, ಫ್ರೆಂಚ್ ಹಾರ್ನ್, ಡಬಲ್ ಬಾಸ್‌ನಂಥ ವಾದ್ಯಗಳಿಗೆ. ದೊಡ್ಡ ದಾನಿಯೊಬ್ಬರನ್ನು ನಂಬಿದರೆ ಅವರ ಕಾಲಾನಂತರ ಏನು ಎಂಬ ಪ್ರಶ್ನೆ ಬರುತ್ತದೆ. ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ, ದಿನಕ್ಕೆ ಎರಡಾಣೆಯಂತೆ ಮನೆಮನೆಗೆ ಹೋಗಿ ಸಂಗ್ರಹಿಸಿದ ಹಣದಿಂದ ಬ್ಯಾಂಕು ಬೆಳೆಯಿತು. ಸಾವಿರ ಮಂದಿ ತಿಂಗಳಿಗೆ ಸಣ್ಣ ಮೊತ್ತವೊಂದನ್ನು ಕಟ್ಟುವ ಸದಸ್ಯತ್ವವೇ ನಮ್ಮ ಊರಿಗೆ ಒಗ್ಗುವ ದಾರಿ. ಕಟ್ಟಿದವರು ಕೇಳಲೂ ಬರುತ್ತಾರೆ. ಹೀಗೆ ಹೊಸ ಕೈಗಳಿಂದ ಬರುವ ಹಣ ಮೇಳಗಳ ದಾನಿಗಳಿಗೆ ಹೊರೆಯಾಗಲಾರದು.

ಇನ್ನೊಂದು ಉದಾಹರಣೆ ಕುಲಶೇಖರದವರಿಗಾಗಿ. ಇಂಗ್ಲೆಂಡಿನ ಹತ್ತಿ ಗಿರಣಿಗಳ ಊರಾದ ಮ್ಯಾಂಚೆಸ್ಟರ್‌ನಲ್ಲಿ ಚಾರ್ಲ್ಸ್ ಹ್ಯಾಲೆ 1858ರಲ್ಲಿ ಕಟ್ಟಿದ ವೃಂದ ಯುದ್ಧದ ಕಾಲಕ್ಕೆ ಬಹುಮಟ್ಟಿಗೆ ಬರಿದಾಗಿತ್ತು. 1943ರಲ್ಲಿ ಬಂದ ಜಾನ್ ಬಾರ್ಬಿರೊಲಿ ಕೆಲವೇ ವಾರಗಳಲ್ಲಿ ಅದನ್ನು ಮತ್ತೆ ತುಂಬಬೇಕಾಯಿತು. ಕೊಳಲಿಗೆ ಶಾಲೆಯ ಹುಡುಗನೊಬ್ಬ, ಹಾರ್ನ್‌ಗೆ ಶಾಲೆಯ ಅಧ್ಯಾಪಿಕೆಯೊಬ್ಬರು, ಹಿತ್ತಾಳೆಯ ವಾದ್ಯಗಳಿಗೆ ಸುತ್ತಲಿನ ಬ್ರಾಸ್ ಬ್ಯಾಂಡ್‌ಗಳವರು ಬಂದರು. ಅದೇ ಹ್ಯಾಲೆ ವೃಂದ ಇಂದಿಗೂ ಆ ಊರಿನ ಹೆಮ್ಮೆ.

ಕುಲಶೇಖರದ ಕ್ಲಾರಿನೆಟ್

ಉಡುಪಿಯ ರಾಯರೇ, ಬ್ಯಾಂಡ್‌ನವರ ಈ ಕಥೆಯನ್ನು ನಿನ್ನೆ ರಾತ್ರಿ ನಮ್ಮ ತಂಡದವರಿಗೆಲ್ಲ ಓದಿ ಹೇಳಿದೆ. ಟ್ರೊಂಬೋನಿನ ಹಿರಿಯರೊಬ್ಬರು ಎರಡನೆಯ ಸಲ ಓದಿಸಿದರು.

ಅವರೇ ಹೇಳಿದ ಒಂದು ವಿಚಾರವನ್ನು ಇಲ್ಲಿ ಮುಂದಿಡುತ್ತೇನೆ. ತಾಲೀಮಿಗೆ ಕಾಲ ಯಾವುದು? ಯುರೋಪಿನ ವೃಂದಗಳು ಬೇಸಿಗೆಯಲ್ಲಿ ಬಿಡುವು ಮಾಡಿ ಸೆಪ್ಟೆಂಬರ್ ಹೊತ್ತಿಗೆ ಶುರುಮಾಡುತ್ತವೆ. ನಮಗೆ ನವೆಂಬರಿನಿಂದ ಮೇ ಕೊನೆಯವರೆಗೆ ಮದುವೆ, ಹಬ್ಬ, ಜಾತ್ರೆಗಳಿಂದ ಉಸಿರಾಡಲು ಸಮಯವಿಲ್ಲ. ಮೇ ಕೊನೆಯ ಹೊತ್ತಿಗೆ ಬರುವ, ತುಳುನಾಡಿನ ಉತ್ಸವಕಾಲ ಮುಗಿಯುವ ದಿನವಾದ ಪತ್ತನಾಜೆ ಕಳೆದರೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಜಾತ್ರೆ ನೇಮಗಳು ನಿಲ್ಲುತ್ತವೆ, ಸ್ಯಾಕ್ಸೋಫೋನ್‌ನವರಿಗೂ ಬ್ಯಾಂಡ್‌ನವರಿಗೂ ಕೆಲಸವಿರುವುದಿಲ್ಲ. ತುಳುವರ ಮಳೆಗಾಲದ ಆಟಿ ತಿಂಗಳಿನಲ್ಲಿ ನಮ್ಮಲ್ಲಿ ಹಲವರು ಪೈಂಟಿಂಗ್, ವಯರಿಂಗ್ ಕೆಲಸಕ್ಕೂ ಮಳೆಯಿಂದಾಗಿ ಹೋಗಲಾಗದೆ ಮನೆಯಲ್ಲೇ ಕುಳಿತಿರುತ್ತೇವೆ. ಕರಾವಳಿಯ ವಾದಕರೆಲ್ಲ ಏಕಕಾಲಕ್ಕೆ ಬಿಡುವಾಗಿರುವುದು ಮಳೆಗಾಲದ ಆ ಮೂರು ತಿಂಗಳು ಮಾತ್ರ. ವೃಂದವೆಂಬುದು ಇಲ್ಲಿ ಹುಟ್ಟುವುದಾದರೆ ಆಗಲೇ ಹುಟ್ಟಬೇಕು, ಆ ತಿಂಗಳುಗಳಲ್ಲಿ ಅದರಿಂದ ನಾಲ್ಕು ಕಾಸು ಸಿಕ್ಕಿದರೆ ಅದು ನಮ್ಮ ಮನೆಗಳಿಗೂ ಆಧಾರ.

ಉಡುಪಿಯ ಪಿಟೀಲು ಶಿಕ್ಷಕಿ

ಮಾಸ್ತರರೇ, ನೀವು ಹೇಳಿದ ಕಾಲವೇ ಪಿಟೀಲಿಗೆ ಶತ್ರು. ಜುಲೈಯಲ್ಲಿ ಬಿಲ್ಲಿನ ಕುದುರೆ ಕೂದಲು ತೇವ ಹೀರಿ ಎಷ್ಟು ಬಿಗಿಸಿದರೂ ಜೋಲು ಬೀಳುತ್ತದೆ, ಬಿರಡೆಗಳು ಉಬ್ಬಿ ತಿರುಗುವುದೇ ಇಲ್ಲ. ಕಳೆದ ಮಳೆಗಾಲದಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ಪಿಟೀಲಿನ ಬೆನ್ನಿನ ಹಲಗೆ ಅಂಟು ಬಿಟ್ಟು, ಒಂದು ಪೋಸ್ಟ್ ಕಾರ್ಡ್ ತೂರಿಸುವಷ್ಟು ಬಾಯ್ತೆರೆದಿತ್ತು. ಗೋಡೆಯ ಕಪಾಟಿನಲ್ಲಿ ಬಲ್ಬ್ ಉರಿಸಿ ವಾದ್ಯಗಳನ್ನು ಬೆಚ್ಚಗಿಡುವುದು ನಮಗೆಲ್ಲ ಅಭ್ಯಾಸವಾಗಿದೆ. ಚೆಂಡೆ ಮದ್ದಳೆಯವರ ಪಾಡೂ ಇದೇ ಎಂದು ಬ್ರಹ್ಮಾವರದವರು ಒಪ್ಪಿಯಾರು. ಆದ್ದರಿಂದ ತಾಲೀಮಿಗೆ ತಗಡಿನ ಮಾಡಿನ ಸಭಾಭವನ ಬೇಡ. ಮಳೆಯ ಸದ್ದಿನಲ್ಲಿ ಮೆಲ್ಲಗೆ ನುಡಿಸುವುದನ್ನು ಯಾರೂ ಕಲಿಯಲಾರರು.

ಆದರೂ ನಾಲ್ಕು ದಿನ ಯೋಚಿಸಿದ ಮೇಲೆ ನನ್ನ ಮೊದಲ ಆಕ್ಷೇಪಕ್ಕೆ ನಮ್ಮ ಪರಂಪರೆಯಲ್ಲೇ ಒಂದು ಉತ್ತರ ಕಾಣಿಸುತ್ತಿದೆ. ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ತಂದವರಲ್ಲಿ ಮೊದಲಿಗರು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು; ಮದರಾಸಿನ ಕೋಟೆಯ ಯುರೋಪಿಯನ್ ಬ್ಯಾಂಡ್‌ನ ನಾದ ಆ ಅಣ್ಣತಮ್ಮಂದಿರ ಕಿವಿಗೆ ಬಿದ್ದಿತ್ತು. ಆ ಬ್ಯಾಂಡ್ ರಾಗಗಳಿಗೆ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತ ಸಾಹಿತ್ಯ ಹೊಂದಿಸಿದ್ದೇ ನೊಟ್ಟುಸ್ವರ ಸಾಹಿತ್ಯ. ಸರಳೆ ವರಸೆ ಮುಗಿಸಿದ ಮಗುವೂ ‘ಶಕ್ತಿಸಹಿತ ಗಣಪತಿಂ’ ನುಡಿಸುತ್ತದೆ. ಅವು ಶಂಕರಾಭರಣದ ಸ್ವರಗಳಲ್ಲಿವೆ, ಗಮಕವಿಲ್ಲ, ಹಿಡಿತ ಬದಲಿಸಬೇಕಾಗಿಲ್ಲ. ಬ್ಯಾಂಡ್‌ನಿಂದಲೇ ಬಂದವಾದ್ದರಿಂದ ನಿಮ್ಮ ವಾದ್ಯಗಳಿಗೆ ಸಹಜವಾಗಿ ಒಗ್ಗುತ್ತವೆ, ಬಲ್ಮಠದವರು ಅವುಗಳಿಗೆ ನಾಲ್ಕು ಧ್ವನಿಗಳನ್ನು ಬರೆದುಕೊಡಬಲ್ಲರು. ಬೀಥೋವನ್ ಕಾಯಲಿ. ಪತ್ತನಾಜೆ ಕಳೆದ ಮೇಲೆ, ಹೆಂಚಿನ ಮಾಡಿನ ಯಾವುದಾದರೂ ಶಾಲೆಯ ಕೋಣೆ ಸಿಕ್ಕಿದರೆ, ನಾನು ಆರು ಮಂದಿ ವಿದ್ಯಾರ್ಥಿಗಳನ್ನು ಕರೆತರುತ್ತೇನೆ. ನಮ್ಮ ತಂತಿಗಳು ನಾಲ್ಕು ಮನೆ ಶ್ರುತಿಯಲ್ಲಿರುತ್ತವೆ. ಓಬೋ ಇಲ್ಲವಾದ್ದರಿಂದ ಶ್ರುತಿ ಹಿಡಿಯುವ ಸ್ವರವನ್ನು ನೀವೇ ಕೊಡಬೇಕು.

ಕುಲಶೇಖರದ ಕ್ಲಾರಿನೆಟ್

ನಾಲ್ಕು ಮನೆ ಎಂದರೆ ನಮ್ಮ ಲೆಕ್ಕದಲ್ಲಿ ಎಫ್. ನನ್ನದು ಬಿ ಫ್ಲಾಟ್ ಕ್ಲಾರಿನೆಟ್ ಆದ್ದರಿಂದ ನಾನು ಕಾಗದದ ಮೇಲಿನ ಜಿ ಸ್ವರವನ್ನು ಊದಿದರೆ ನಿಮಗೆ ಎಫ್ ಕೇಳಿಸುತ್ತದೆ, ಅಮ್ಮ. ನಮ್ಮ ಕಡೆಯಿಂದ ಎರಡು ಕ್ಲಾರಿನೆಟ್, ಒಂದು ಯುಫೋನಿಯಂ, ಒಂದು ಟ್ರೊಂಬೋನ್ ಬರುತ್ತವೆ. ಕುರ್ಚಿಗಳನ್ನು ನಾವೇ ತರುತ್ತೇವೆ. ನಿಮ್ಮ ಮಕ್ಕಳಿಗೆ ನೆಲದ ಮೇಲೆ ಹಾಸಲು ಜಮಖಾನೆ ಬೇಕಾಗಬಹುದು, ಅದನ್ನೂ ತರುತ್ತೇವೆ.